ಹೆಬ್ಬೆಟ್ಟು ಗುಟ್ಟಲ್ಲ

ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಮನೆಯನ್ನೋ ಸೈಟನ್ನೋ ಹೊಲವನ್ನೋ ಕೊಂಡಿದ್ದರೆ, ಬೀರುವಿನಲ್ಲಿಟ್ಟ ಆ ಕ್ರಯಪತ್ರವನ್ನು ಒಮ್ಮೆ ಹೊರಗೆ ತೆಗೆಯಿರಿ. ಮೊದಲ ಪುಟದಲ್ಲೇ ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ ಇರುತ್ತವೆ. ಎಷ್ಟೋ ಪತ್ರಗಳಲ್ಲಿ ಅದರ ಪಕ್ಕದಲ್ಲೇ ಹನ್ನೆರಡು ಅಂಕಿಯ ಆಧಾರ್ ಸಂಖ್ಯೆಯೂ ಇರುತ್ತದೆ. ಇನ್ನಷ್ಟು ಕೆಳಗೆ ಬಂದರೆ ಹಣ ಸಂದಾಯದ ವಿವರ: ಇಂಥ ಬ್ಯಾಂಕಿನ ಇಂಥ ಶಾಖೆಯ ಚೆಕ್ಕು ಅಥವಾ ಡಿಡಿ. ಆಮೇಲೆ ಚೆಕ್ಕುಬಂದಿ. ಹಾಳೆ ಮಗುಚಿದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಿಸಿದ ಪಟ್ಟಿ ಕಾಣುತ್ತದೆ. ಅದರಲ್ಲಿ ಒಂದು ಪುಟ್ಟ ಫೋಟೊ, ಪಕ್ಕದ ಚೌಕದಲ್ಲಿ ಹೆಬ್ಬೆಟ್ಟಿನ ಗುರುತು, ಅದರ ಪಕ್ಕದಲ್ಲಿ ಸಹಿ.

ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಈ ಮೂರನ್ನು ಜೋಡಿಸಿದರೆ ನಮ್ಮ ದೇಶದಲ್ಲಿ ಒಂದು ಉಳಿತಾಯ ಖಾತೆಯಿಂದ ನಗದು ತೆಗೆಯಬಹುದು. ಎಟಿಎಂ ಕಾರ್ಡ್ ಬೇಡ, ಪಿನ್ ಬೇಡ, ಮೊಬೈಲಿಗೆ ಬರುವ ಒಟಿಪಿ ಬೇಡ, ಪಾಸ್‌ಬುಕ್ ಕೂಡ ಬೇಡ. ಈ ವ್ಯವಸ್ಥೆಯ ಹೆಸರು ಆಧಾರ್ ಆಧಾರಿತ ಪಾವತಿ, ಚಿಕ್ಕದಾಗಿ ಎಇಪಿಎಸ್. ನಡೆಸುವುದು ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ.

2023ರಲ್ಲಿ ಕರ್ನಾಟಕದ ಹಲವೆಡೆ ಒಂದೇ ಬಗೆಯ ದೂರುಗಳು ಬರತೊಡಗಿದವು. ಯಾರಿಗೂ ಒಟಿಪಿ ಹೇಳಿಲ್ಲ, ಯಾವ ಲಿಂಕನ್ನೂ ಒತ್ತಿಲ್ಲ, ಯಾರ ಕರೆಯನ್ನೂ ನಂಬಿಲ್ಲ, ಆದರೂ ಖಾತೆಯಿಂದ ಹಣ ಹೋಗಿದೆ ಎನ್ನುವವರು ಸೈಬರ್ ಠಾಣೆಗಳ ಮುಂದೆ ನಿಂತರು. ವಿಚಾರಿಸಿದಾಗ ಅವರಲ್ಲಿ ಅನೇಕರಿಗೆ ಒಂದು ಸಾಮಾನ್ಯ ಸಂಗತಿ ಇತ್ತು. ಅವರು ಹಿಂದೆ ಆಸ್ತಿ ನೋಂದಣಿ ಮಾಡಿಸಿದ್ದರು. ಬೆಂಗಳೂರು ಮತ್ತು ಮಂಗಳೂರು ಪೊಲೀಸರ ತನಿಖೆಯ ಜಾಡು ಬಿಹಾರಕ್ಕೆ ಹೋಯಿತು, ಬಂಧನಗಳಾದವು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಪತ್ರಗಳ ಪ್ರತಿ ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆಟ್ಟಿನ ಚಿತ್ರದಿಂದ ರಬ್ಬರಿನಂಥ ಅಚ್ಚು ಮಾಡಿ, ಅದನ್ನು ಯಂತ್ರದ ಮೇಲೊತ್ತಿ ಹಣ ತೆಗೆದಿದ್ದರು ಎಂಬುದು ಪೊಲೀಸರು ಕಂಡುಕೊಂಡ ವಿಷಯ. ಯಾವ ಸರ್ವರನ್ನೂ ಒಡೆಯಬೇಕಾಗಿ ಬಂದಿರಲಿಲ್ಲ. ಸರ್ಕಾರ ಸಾರ್ವಜನಿಕರಿಗೆಂದು ತೆರೆದಿಟ್ಟಿದ್ದ ಕಿಟಕಿಯಲ್ಲೇ ಅರ್ಜಿ ಹಾಕಿ ಪಡೆದ ಕಾಗದ ಸಾಕಾಗಿತ್ತು.

ಈ ಸುದ್ದಿ ಪತ್ರಿಕೆಗಳಲ್ಲಿ ಕೆಲವು ದಿನ ಬಂತು, ಹೋಯಿತು. ಡಿಜಿಟಲ್ ಅರೆಸ್ಟ್, ನಕಲಿ ಷೇರು ಆಪ್‌ಗಳ ಗದ್ದಲದಲ್ಲಿ ಈಗ ಬಹುತೇಕ ಮರೆತಿದ್ದೇವೆ. ನನಗೆ ಮಾತ್ರ ಇದು ಮಿಕ್ಕೆಲ್ಲ ಸೈಬರ್ ವಂಚನೆಗಳಿಗಿಂತ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಬೇರೆ ವಂಚನೆಗಳಲ್ಲಿ ‘ನೀವು ಎಚ್ಚರ ವಹಿಸಬೇಕಿತ್ತು’ ಎಂದು ಕಳೆದುಕೊಂಡವರಿಗೆ ಬುದ್ಧಿ ಹೇಳಲು ಜಾಗವಿರುತ್ತದೆ. ಇಲ್ಲಿ ಅದೂ ಇಲ್ಲ. ಕಾನೂನು ಹೇಳಿದ ಕಡೆ ಬೆರಳೊತ್ತಿದ್ದೇ ಅವರು ಮಾಡಿದ ಕೆಲಸ.

ಎಇಪಿಎಸ್ ಹುಟ್ಟಿದ್ದು ಒಳ್ಳೆಯ ಉದ್ದೇಶಕ್ಕೆ, ಅದರಿಂದ ಆದ ಉಪಕಾರವೂ ಸಣ್ಣದಲ್ಲ. ಬ್ಯಾಂಕಿನ ಶಾಖೆ ಇಲ್ಲದ ಊರಿನಲ್ಲಿ ವೃದ್ಧಾಪ್ಯ ವೇತನ ತೆಗೆದುಕೊಳ್ಳಲು ಒಂದು ಹಿರಿಜೀವ ಹೋಬಳಿ ಕೇಂದ್ರಕ್ಕೆ ಬಸ್ಸು ಹತ್ತಿ, ಚಲನ್ ಬರೆಸಲು ಯಾರನ್ನೋ ಬೇಡಿ, ಸರದಿಯಲ್ಲಿ ನಿಂತು ದಿನ ಕಳೆಯಬೇಕಿತ್ತು. ಈಗ ಊರಿನ ಅಂಗಡಿಯಲ್ಲೇ ಒಬ್ಬ ಹುಡುಗ ಮೊಬೈಲಿಗೆ ಬೆರಳಚ್ಚು ಯಂತ್ರ ಸಿಕ್ಕಿಸಿಕೊಂಡು ಕೂತಿರುತ್ತಾನೆ. ಅವನಿಗೆ ಬ್ಯಾಂಕಿನವರು ಬಿಸಿ ಎನ್ನುತ್ತಾರೆ, ಬ್ಯಾಂಕ್ ಮಿತ್ರ ಎಂದೂ ಕರೆಯುತ್ತಾರೆ. ಆಧಾರ್ ಸಂಖ್ಯೆ ಕೇಳಿ, ಬ್ಯಾಂಕ್ ಆರಿಸಿ, ‘ಅಜ್ಜಿ, ತಂಬ್ ಕೊಡಿ’ ಎನ್ನುತ್ತಾನೆ. ಬೆರಳು ತಾಳೆಯಾದರೆ ಗಲ್ಲಾಪೆಟ್ಟಿಗೆಯಿಂದ ನೋಟು ತೆಗೆದು ಎಣಿಸಿ ಕೊಡುತ್ತಾನೆ. ಒಂದು ಸಲಕ್ಕೆ ಗರಿಷ್ಠ 10,000 ರೂಪಾಯಿ. ಓದು ಬಾರದವರು, ಪಿನ್ ನೆನಪಿಟ್ಟುಕೊಳ್ಳಲಾರದವರು, ಮೊಬೈಲ್ ಇಲ್ಲದವರು ತಮ್ಮ ಹಣವನ್ನು ತಮ್ಮೂರಿನಲ್ಲೇ ತೆಗೆಯುವಂತಾದದ್ದು ದೊಡ್ಡ ಬದಲಾವಣೆ.

ಆದರೆ ಆ ಬಾಗಿಲು ಅಜ್ಜಿಗೆ ಮಾತ್ರ ತೆರೆಯಲಿಲ್ಲ. ಅಡುಗೆ ಅನಿಲದ ಸಬ್ಸಿಡಿಗೆ, ವಿದ್ಯಾರ್ಥಿವೇತನಕ್ಕೆ, ಗೃಹಲಕ್ಷ್ಮಿಯ 2,000 ರೂಪಾಯಿಗೆ ಆಧಾರ್ ಸೀಡಿಂಗ್ ಆಗಿರಬೇಕು ಎಂದು ನಾವೆಲ್ಲ ಬ್ಯಾಂಕಿಗೆ ಹೋಗಿ ಖಾತೆಗೆ ಆಧಾರ್ ಜೋಡಿಸಿದೆವು. ಹಣ ಒಳಗೆ ಬರಲಿ ಎಂದು ಮಾಡಿದ ಜೋಡಣೆಯಿಂದಲೇ ಹಣ ಹೊರಗೆ ಹೋಗುವ ದಾರಿಯೂ ಸಾಮಾನ್ಯವಾಗಿ ತೆರೆದುಕೊಂಡಿತು. ಬೆರಳೊತ್ತಿ ನಗದು ತೆಗೆಯುವ ಸೌಲಭ್ಯ ನಿಮಗೆ ಬೇಕೆ, ಬೇಡವೆ ಎಂದು ಪ್ರತ್ಯೇಕವಾಗಿ ಕೇಳಿಸಿಕೊಂಡವರು ಎಷ್ಟು ಮಂದಿ? ಬೆಂಗಳೂರಿನಲ್ಲಿ ಕಾರ್ಡು, ಯುಪಿಐ ಎರಡನ್ನೂ ದಿನವೂ ಬಳಸುತ್ತ, ಬಿಸಿಯ ಅಂಗಡಿಯನ್ನು ಜನ್ಮದಲ್ಲಿ ಕಂಡಿರದವರ ಖಾತೆಗಳೂ ಹೀಗೆ ಬೆರಳಿಗೆ ತೆರೆದಿದ್ದವು. ತಮ್ಮ ಮನೆಗೆ ಇಂಥದೊಂದು ಬಾಗಿಲಿದೆ ಎಂಬುದು ಅವರಿಗೆ ಗೊತ್ತಾದದ್ದು ಕಳವಾದ ಮೇಲೆ.

ಈಗ ನೋಂದಣಿ ಕಚೇರಿಯ ಕಡೆ ಬರೋಣ. ಅಲ್ಲಿಯೂ ಯಾರೋ ಬೇಜವಾಬ್ದಾರಿಯಿಂದ ಕಾಗದ ಬೀದಿಗೆ ಹಾಕಿದರು ಎನ್ನಲಾಗದು. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿ ಪತ್ರಗಳ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪರಿಶೀಲಿಸಬಹುದು, ನಕಲು ಕೇಳಬಹುದು. ಇದು ಬಹಳ ವಿವೇಕದ ನಿಯಮ. ಒಂದೇ ಸೈಟನ್ನು ಮೂವರಿಗೆ ಮಾರುವವರಿಂದ ಕೊಳ್ಳುವವರನ್ನು ಕಾಪಾಡಿರುವುದು ಈ ಬಹಿರಂಗತೆಯೇ. ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ, ಹಳೆಯ ಪತ್ರಗಳ ದೃಢೀಕೃತ ನಕಲು ತರಿಸಿ, ವಕೀಲರಿಗೆ ತೋರಿಸಿ ಆಸ್ತಿ ಕೊಳ್ಳುವ ಪದ್ಧತಿ ನಿಂತಿರುವುದು ಇದರ ಮೇಲೆ. ಮುಂದೆ 2001ರ ತಿದ್ದುಪಡಿಯಲ್ಲಿ 32ಎ ಕಲಮು ಸೇರಿತು. ಪತ್ರಕ್ಕೆ ಪಾಸ್‌ಪೋರ್ಟ್ ಅಳತೆಯ ಫೋಟೊ ಮತ್ತು ಬೆರಳಚ್ಚು ಕಡ್ಡಾಯವಾಯಿತು. ಸತ್ತವರ ಹೆಸರಿನಲ್ಲಿ, ಊರು ಬಿಟ್ಟವರ ಹೆಸರಿನಲ್ಲಿ ಯಾರನ್ನೋ ಕರೆತಂದು ನಿಲ್ಲಿಸಿ ಆಸ್ತಿ ಬರೆಸಿಕೊಳ್ಳುತ್ತಿದ್ದ ದಂಧೆಗೆ ಅದು ಕಡಿವಾಣ. ಅದೂ ಒಳ್ಳೆಯದೇ.

ಪತ್ರ ಎಲ್ಲರಿಗೂ ತೆರೆದಿರಲಿ ಎಂದದ್ದು ಸರಿ. ಪತ್ರದ ಮೇಲೆ ಬೆರಳಚ್ಚು ಇರಲಿ ಎಂದದ್ದೂ ಸರಿ. ಬೆರಳೊತ್ತಿ ಹಣ ತೆಗೆಯಲಿ ಎಂದದ್ದು ಕೂಡ ಅದರಷ್ಟಕ್ಕೆ ಒಂದು ಉಪಕಾರ. ಕಂದಾಯ ಇಲಾಖೆ ತನ್ನ ಕಾನೂನು ಪಾಲಿಸಿತು, ಬ್ಯಾಂಕುಗಳು ತಮ್ಮ ನಿಯಮ ಪಾಲಿಸಿದವು. ಈ ನಿಯಮಗಳು ಒಂದನ್ನೊಂದು ಮುಟ್ಟುವ ಜಾಗದಲ್ಲಿ ಏನಾಗುತ್ತದೆ ಎಂದು ನೋಡುವ ಹೊಣೆ ಯಾರ ಮೇಜಿನ ಮೇಲೂ ಇರಲಿಲ್ಲ. ನಾವು ದಿನವೂ ಬಳಸುವ ವ್ಯವಸ್ಥೆಗಳಲ್ಲಿ ಅಪಾಯಕಾರಿ ಬಿರುಕುಗಳು ಹೆಚ್ಚಾಗಿ ಮೂಡುವುದು ಇಂಥ ಸಂದಿಗಳಲ್ಲಿ. ಒಂದೊಂದು ಯಂತ್ರವನ್ನೂ ಬಿಡಿಯಾಗಿ ಪರೀಕ್ಷಿಸಿ ‘ಸುರಕ್ಷಿತ’ ಎಂದು ಮುದ್ರೆ ಒತ್ತಿದರೆ ಅವು ಕಾಣುವುದಿಲ್ಲ.

ಬೆರಳಚ್ಚಿಗೂ ಆಸ್ತಿಪತ್ರಕ್ಕೂ ನಂಟು ಬೆಳೆದದ್ದು ನಮ್ಮ ನೆಲದಲ್ಲೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಸ್ತೆ ಸಾಮಗ್ರಿ ಪೂರೈಸುವ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನಿಂದ ಕರಾರಿನ ಮೇಲೆ ಇಡೀ ಅಂಗೈಯ ಅಚ್ಚು ಒತ್ತಿಸಿಕೊಂಡ. ‘ಇದು ನನ್ನ ರುಜು ಅಲ್ಲ’ ಎಂದು ನಾಳೆ ತಿರುಗಿಬೀಳದಿರಲಿ ಎಂಬುದು ಅವನ ಲೆಕ್ಕಾಚಾರ. 1877ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟ್ ಆಗಿದ್ದಾಗ ಅವನು ಪತ್ರ ನೋಂದಣಿಗೂ ಪಿಂಚಣಿ ವಿತರಣೆಗೂ ಬೆರಳಚ್ಚು ಬಳಸತೊಡಗಿದ. ಮುಂದೆ 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಅಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ರೂಪಿಸಿದ ವರ್ಗೀಕರಣವನ್ನು ಜಗತ್ತಿನ ಪೊಲೀಸರು ಬಹುಕಾಲ ಅನುಸರಿಸಿದರು.

ಹರ್ಷೆಲ್‌ನ ಕಚೇರಿಯಲ್ಲಿ ಬೆರಳೊತ್ತುವಾಗ ಎದುರಿಗೆ ಅಧಿಕಾರಿ ಇರುತ್ತಿದ್ದ. ಇಂದಿನ ಉಪನೋಂದಣಿ ಕಚೇರಿಯಲ್ಲೂ ಹಾಗೆಯೇ. ಅಧಿಕಾರಿ ಇದ್ದಾರೆ, ಗುರುತಿಸುವ ಸಾಕ್ಷಿಗಳಿದ್ದಾರೆ, ಕ್ಯಾಮೆರಾ ಇದೆ. ಒತ್ತಿದ ಬೆರಳು ಜೀವಂತ ಮನುಷ್ಯನ ಕೈಗೆ ಅಂಟಿಕೊಂಡಿದೆ ಎಂದು ನೋಡುವ ಕಣ್ಣುಗಳಿವೆ. ಅಲ್ಲಿ ಬೆರಳಚ್ಚು ಮಾಡುವ ಕೆಲಸ ಸಹಿಯ ಕೆಲಸ, ಮುಂದೆ ತಕರಾರು ಬಂದರೆ ಸಾಕ್ಷಿಯಾಗುವ ಕೆಲಸ. ಅದು ನಾಲ್ಕು ಜನರ ಕಣ್ಣಿಗೆ ಬಿದ್ದರೆ ಯಾವ ನಷ್ಟವೂ ಇಲ್ಲ. ಬೀಗದ ಕೈ ಹಾಗಲ್ಲ. ಅದರ ಬೆಲೆಯೆಲ್ಲ ಅದು ಇನ್ನೊಬ್ಬರ ಬಳಿ ಇಲ್ಲದಿರುವುದರಲ್ಲಿದೆ. ಸಹಿಯನ್ನೇ ಬೀಗದ ಕೈ ಮಾಡಿಕೊಂಡಾಗ, ಅದುವರೆಗೆ ನಾವು ಒತ್ತಿದ ಪ್ರತಿ ಸಹಿಯೂ ಬೀಗದ ಕೈಯ ಒಂದೊಂದು ಪ್ರತಿಯಾಗಿಬಿಟ್ಟಿತು.

ಇದನ್ನು ಮೊದಲೇ ಹೇಳಿದವರು ಬಹಳ ಮಂದಿ. 2002ರಲ್ಲಿ ಜಪಾನಿನ ಯೊಕೊಹಾಮಾ ರಾಷ್ಟ್ರೀಯ ವಿಶ್ವವಿದ್ಯಾಲಯದ ಸುತೊಮು ಮತ್ಸುಮೊಟೊ ಮತ್ತು ಅವರ ವಿದ್ಯಾರ್ಥಿಗಳು ಮಿಠಾಯಿಗೆ ಬಳಸುವ ಜೆಲಟಿನ್‌ನಿಂದ ಕೃತಕ ಬೆರಳು ಮಾಡಿ ಹನ್ನೊಂದು ಬೆರಳಚ್ಚು ಯಂತ್ರಗಳ ಮೇಲಿಟ್ಟರು. ಹನ್ನೊಂದೂ ಮೋಸಹೋದವು. ಗಾಜಿನ ಮೇಲೆ ಬಿಟ್ಟ ಗುರುತಿನಿಂದ ಮಾಡಿದ ಅಚ್ಚೂ ಕೆಲಸ ಮಾಡಿತು. 2008ರಲ್ಲಿ, ಪಾಸ್‌ಪೋರ್ಟಿಗೆ ಬೆರಳಚ್ಚು ಸೇರಿಸಬೇಕೆಂದು ವಾದಿಸುತ್ತಿದ್ದ ಜರ್ಮನಿಯ ಗೃಹ ಸಚಿವ ವೋಲ್ಫ್‌ಗ್ಯಾಂಗ್ ಶೊಯ್ಬ್ಲೆ ಅವರು ಕುಡಿದಿಟ್ಟ ನೀರಿನ ಲೋಟದಿಂದ ಅವರ ಬೆರಳಚ್ಚು ಎತ್ತಿ, ಕೇಯಾಸ್ ಕಂಪ್ಯೂಟರ್ ಕ್ಲಬ್ ಎಂಬ ತಂತ್ರಜ್ಞರ ಸಂಘ ತನ್ನ ಪತ್ರಿಕೆಯ ಸುಮಾರು 4,000 ಪ್ರತಿಗಳಲ್ಲಿ ಹಂಚಿತು. 2014ರಲ್ಲಿ ಅದೇ ಸಂಘದ ಯಾನ್ ಕ್ರಿಸ್ಲರ್, ರಕ್ಷಣಾ ಸಚಿವೆ ಉರ್ಸುಲಾ ಫಾನ್ ಡೆರ್ ಲಾಯೆನ್ ಅವರ ಹೆಬ್ಬೆಟ್ಟನ್ನು ಪತ್ರಿಕಾಗೋಷ್ಠಿಯ ಫೋಟೊಗಳಿಂದಲೇ ಮರುಸೃಷ್ಟಿಸಿ ತೋರಿಸಿದ.

ಇವೆಲ್ಲ ಹೊರದೇಶದ ಪ್ರಯೋಗಗಳು ಎನ್ನೋಣ. 2017ರ ಸೆಪ್ಟೆಂಬರಿನಲ್ಲಿ ಉತ್ತರ ಪ್ರದೇಶದ ವಿಶೇಷ ಕಾರ್ಯಪಡೆ ಕಾನ್ಪುರದಲ್ಲಿ ಒಂದು ಜಾಲವನ್ನು ಹಿಡಿಯಿತು. ಆಧಾರ್ ನೋಂದಣಿ ಮಾಡುವ ಅಧಿಕೃತ ಆಪರೇಟರ್‌ಗಳ ಬೆರಳಚ್ಚನ್ನೇ ನಕಲು ಮಾಡಿ, ಅಧಿಕಾರವಿಲ್ಲದವರು ಯಂತ್ರಕ್ಕೆ ಲಾಗಿನ್ ಆಗುತ್ತಿದ್ದರು. 2018ರಲ್ಲಿ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯಲ್ಲಿ ಒಬ್ಬ ಸಿಮ್ ವ್ಯಾಪಾರಿ ಸಿಕ್ಕಿಬಿದ್ದ. ಮಾರಾಟದ ಗುರಿ ಮುಟ್ಟುವುದಕ್ಕಾಗಿ ಅವನು ಸಾವಿರಾರು ಸಿಮ್‌ಗಳನ್ನು ಪರರ ಹೆಸರಿನಲ್ಲಿ ಚಾಲೂ ಮಾಡಿದ್ದ. ಅವರ ಬೆರಳಚ್ಚು ಅವನಿಗೆ ಸಿಕ್ಕಿದ್ದು ಆ ರಾಜ್ಯದ ಆಸ್ತಿ ನೋಂದಣಿ ಜಾಲತಾಣದ ಪತ್ರಗಳಲ್ಲಿ.

ಅದೇ ಬಗೆಯ ಜಾಲತಾಣ, ಅದೇ ಬಗೆಯ ಪತ್ರ, ಅದೇ ಬಗೆಯ ಅಚ್ಚು. ಪಕ್ಕದ ರಾಜ್ಯದಲ್ಲಿ, ಐದು ವರ್ಷ ಮೊದಲು. ಈ ಒಂದು ಸಂಗತಿಯನ್ನು ನಾನು ಎಷ್ಟು ಸಲ ಯೋಚಿಸಿದರೂ ಸಮಾಧಾನವಾಗುವುದಿಲ್ಲ. ಆ ಸುದ್ದಿ ಓದಿದ ದಿನ ದೇಶದ ಪ್ರತಿ ರಾಜ್ಯದ ನೋಂದಣಿ ಇಲಾಖೆಯೂ ತನ್ನ ಪತ್ರಗಳ ಸ್ಕ್ಯಾನ್ ಪ್ರತಿಯಲ್ಲಿ ಹೆಬ್ಬೆಟ್ಟಿನ ಚೌಕದ ಮೇಲೊಂದು ಕಪ್ಪು ಪಟ್ಟಿ ಎಳೆದಿದ್ದರೆ ಸಾಕಿತ್ತು. ತಂತ್ರಜ್ಞಾನದ ದೃಷ್ಟಿಯಿಂದ ಅದು ದೊಡ್ಡ ಕೆಲಸವಲ್ಲ. ಆದರೆ ಅಪಾಯದ ಸುದ್ದಿ ಒಂದು ಇಲಾಖೆಯಿಂದ ಇನ್ನೊಂದಕ್ಕೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ತಲುಪಿಸುವ ವ್ಯವಸ್ಥೆ ನಮ್ಮಲ್ಲಿ ಗಟ್ಟಿಯಾಗಿಲ್ಲ. ವಿಮಾನ ಒಂದು ಕಡೆ ಬಿದ್ದರೆ ಅದೇ ಮಾದರಿಯ ಎಲ್ಲ ವಿಮಾನಗಳನ್ನೂ ತಪಾಸಣೆ ಮಾಡುತ್ತಾರೆ. ಜನರ ಖಾತೆ ಬರಿದಾದಾಗ ಆ ಊರಿನ ಪೊಲೀಸರು ಒಂದು ಎಫ್‌ಐಆರ್ ಹಾಕುತ್ತಾರೆ.

ಯಂತ್ರ ಯಾಕೆ ಮೋಸಹೋಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆರಳಿನ ಏಣುಗಳು ಎಲ್ಲಿ ಕೊನೆಗೊಳ್ಳುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬ ಬಿಂದುಗಳನ್ನು ಗುರುತುಹಾಕಿಕೊಂಡು, ಮೊದಲು ದಾಖಲಾದ ಬಿಂದುಗಳ ಜೊತೆ ಹೋಲಿಸುವುದೇ ಅದರ ಕೆಲಸ. ಪಾಸ್‌ವರ್ಡಿನಂತೆ ಇಲ್ಲಿ ಸರಿ ಅಥವಾ ತಪ್ಪು ಎಂಬ ಎರಡೇ ಉತ್ತರಗಳಿಲ್ಲ, ಎಷ್ಟು ಹೋಲುತ್ತದೆ ಎಂಬ ಅಂಕವಿದೆ. ಒಂದೇ ಬೆರಳನ್ನು ಎರಡು ಸಲ ಒತ್ತಿದರೂ ಚಿತ್ರ ಒಂದೇ ಥರ ಬರುವುದಿಲ್ಲ. ಬೆವರು, ದೂಳು, ಒತ್ತಿದ ಬಲ, ಬೆರಳು ವಾಲಿದ ಕೋನ ಎಲ್ಲವೂ ವ್ಯತ್ಯಾಸ ತರುತ್ತವೆ. ಹಾಗಾಗಿ ಇಷ್ಟು ಅಂಕ ಬಂದರೆ ಸಾಕು ಎಂದು ಒಂದು ಗೆರೆ ಹಾಕಿರುತ್ತಾರೆ. ಗೆರೆ ಮೇಲಕ್ಕೇರಿಸಿದರೆ ನಿಜವಾದ ಒಡೆಯನೇ ಹೊರಗುಳಿಯುತ್ತಾನೆ, ಕೆಳಗಿಳಿಸಿದರೆ ನಕಲಿ ಒಳನುಸುಳುತ್ತಾನೆ. ಅಚ್ಚುಕಟ್ಟಾಗಿ ಮಾಡಿದ ಅಚ್ಚಿನಲ್ಲಿ ಒಡೆಯನ ಬಿಂದುಗಳೇ ಇರುವುದರಿಂದ ಗೆರೆ ಎಲ್ಲಿದ್ದರೂ ಅದು ದಾಟಬಲ್ಲದು. ಇದು ಬೆರಳೋ ರಬ್ಬರೋ ಎಂದು ಯಂತ್ರ ಬೇರೆಯಾಗಿ ಕೇಳಿಕೊಳ್ಳಬೇಕು.

ನ್ಯಾಯಬೆಲೆ ಅಂಗಡಿಯ ಮುಂದೆ ನಿಂತು ನೋಡಿದವರಿಗೆ ಇದರ ಇನ್ನೊಂದು ಮುಖ ಗೊತ್ತು. ಬೀಡಿ ಕಟ್ಟಿ, ಅಡಿಕೆ ಸುಲಿದು, ಇಟ್ಟಿಗೆ ಹೊತ್ತು ಬೆರಳ ಗೆರೆಗಳೇ ಸವೆದುಹೋದವರ ಸರದಿ ಬಂದಾಗ ಯಂತ್ರ ಸದ್ದು ಮಾಡುತ್ತದೆ, ಹೊಂದಿಕೆಯಾಗಲಿಲ್ಲ ಎನ್ನುತ್ತದೆ. ಅಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ, ತಲೆಗೂದಲಿಗೆ ಉಜ್ಜಿ ಒಂದಿಷ್ಟು ಎಣ್ಣೆ ತಾಗಿಸುತ್ತಾಳೆ, ಎಡಗೈ ಹೆಬ್ಬೆಟ್ಟು ಬಿಟ್ಟು ಬಲಗೈ, ಆಮೇಲೆ ತೋರುಬೆರಳು, ಆಮೇಲೆ ಉಂಗುರ ಬೆರಳು. ‘ತಂಬ್ ಬರ್ತಿಲ್ಲ ಅಮ್ಮ, ನಾಳೆ ಬನ್ನಿ’ ಎಂಬ ಉತ್ತರ ಕೇಳಿ ಖಾಲಿ ಚೀಲ ಹಿಡಿದು ಹೋಗುತ್ತಾಳೆ. ದುಡಿದ ಕೈಯನ್ನು ತಿರಸ್ಕರಿಸುವ ಯಂತ್ರವೇ ಕದ್ದ ಅಚ್ಚನ್ನು ಒಪ್ಪಿಕೊಂಡಿತು ಎಂಬುದು ಈ ಇಡೀ ಕತೆಯಲ್ಲಿ ನನ್ನನ್ನು ಹೆಚ್ಚು ನೋಯಿಸುವ ಮಾತು.

ಆಮೇಲೆ ಏನೂ ಆಗಲಿಲ್ಲ ಎಂದಲ್ಲ. ಜಾಲತಾಣದಿಂದ ಸಿಗುವ ಪ್ರತಿಗಳಲ್ಲಿ ಬೆರಳಚ್ಚು ಮರೆಮಾಡುವ ಕ್ರಮವನ್ನು ಕರ್ನಾಟಕದ ಕಂದಾಯ ಇಲಾಖೆ ಕೈಗೊಂಡಿತು. ಆಧಾರ್ ಪ್ರಾಧಿಕಾರ 2023ರ ಫೆಬ್ರವರಿಯಲ್ಲೇ ಬಿಂದುಗಳ ಜೊತೆಗೆ ಬೆರಳಿನ ಇಡೀ ಚಿತ್ರವನ್ನೂ ತರಿಸಿಕೊಂಡು, ಅದು ಜೀವಂತ ಬೆರಳೇ ಎಂದು ಕೃತಕ ಬುದ್ಧಿಮತ್ತೆಯಿಂದ ಪರೀಕ್ಷಿಸುವ ಪದ್ಧತಿ ಜಾರಿಗೆ ತಂದಿರುವುದಾಗಿ ಹೇಳಿತು. ಬಿಸಿ ಕೇಂದ್ರಗಳನ್ನು ನಡೆಸುವವರ ಹಿನ್ನೆಲೆಯನ್ನು ಬ್ಯಾಂಕುಗಳು ಸರಿಯಾಗಿ ವಿಚಾರಿಸಬೇಕು, ಮೂರು ತಿಂಗಳು ವ್ಯವಹಾರವಿಲ್ಲದೆ ಸುಮ್ಮನಿದ್ದವರನ್ನು ಮತ್ತೆ ಪರಿಶೀಲಿಸಿಯೇ ಬಿಡಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ನಿರ್ದೇಶನ ಕೊಟ್ಟಿತು. ಇವೆಲ್ಲ ಬೇಕಾದ ಕ್ರಮಗಳೇ. ಆದರೆ ಮುಸುಕು ಹಾಕುವ ಮೊದಲು ಇಳಿಸಿಕೊಂಡ ಪ್ರತಿಗಳನ್ನು ಹಿಂದಕ್ಕೆ ಪಡೆಯಲು ಯಾವ ಇಲಾಖೆಗೂ ಸಾಧ್ಯವಿಲ್ಲ. ಪಿನ್ ಸೋರಿದರೆ ಬದಲಿಸಬಹುದು, ಕಾರ್ಡ್ ಕಳೆದರೆ ಹೊಸದು ತರಿಸಬಹುದು. ಹೆಬ್ಬೆಟ್ಟು ಸಾಯುವವರೆಗೂ ಅದೇ.

ಹಾಗಾಗಿ ಉಳಿದ ದಾರಿ ಬೀಗ. ಎಂಆಧಾರ್ ಆಪ್ ಅಥವಾ ಪ್ರಾಧಿಕಾರದ ಜಾಲತಾಣಕ್ಕೆ ಹೋಗಿ ಬಯೊಮೆಟ್ರಿಕ್ ಲಾಕ್ ಹಾಕಿಕೊಂಡರೆ ನಿಮ್ಮ ಬೆರಳು, ಕಣ್ಣು, ಮುಖ ಯಾವುದರಿಂದಲೂ ದೃಢೀಕರಣ ನಡೆಯುವುದಿಲ್ಲ. ಬೇಕಾದಾಗ ಸ್ವಲ್ಪ ಹೊತ್ತಿಗೆ ತೆರೆದುಕೊಳ್ಳಬಹುದು. ಬಿಸಿ ಅಂಗಡಿಯ ಅಗತ್ಯವಿಲ್ಲದ, ಆಧಾರ್‌ಗೆ ಮೊಬೈಲ್ ಜೋಡಿಸಿಕೊಂಡ ಪ್ರತಿಯೊಬ್ಬರೂ ಇದನ್ನು ಇಂದೇ ಮಾಡಿಕೊಳ್ಳುವುದು ಒಳ್ಳೆಯದು. ಹಣ ಕಟ್ಟಬೇಕಿಲ್ಲ, ಐದು ನಿಮಿಷದ ಕೆಲಸ. ಮನೆಯ ಹಿರಿಯರಿಗೂ ಮಾಡಿಕೊಡಿ. ಆದರೆ ಮುಂದಿನ ತಿಂಗಳು ರೇಷನ್ನಿಗೆ ಬೆರಳಿಡಬೇಕಾದವರು ಅವರೇ ಆಗಿದ್ದರೆ, ಅಂಗಡಿಗೆ ಹೊರಡುವ ಮೊದಲು ಯಾರಾದರೂ ಲಾಕ್ ತೆಗೆದುಕೊಡಬೇಕು ಎಂಬುದನ್ನು ಮರೆಯಬೇಡಿ.

ಈ ಪರಿಹಾರದ ಮಿತಿಯೂ ಅಲ್ಲೇ ಇದೆ. ಲಾಕ್ ಹಾಕಲು ಮೊಬೈಲ್ ಬೇಕು, ಅದು ಆಧಾರ್‌ಗೆ ಜೋಡಣೆಯಾಗಿರಬೇಕು, ಒಟಿಪಿ ಓದಲು ಬರಬೇಕು. ಇವೆಲ್ಲ ಇಲ್ಲದವರಿಗಾಗಿಯೇ ತಾನೆ ಹೆಬ್ಬೆಟ್ಟಿನ ವ್ಯವಸ್ಥೆ ಮಾಡಿದ್ದು? ಯಾರಿಗೆ ಈ ಬಾಗಿಲು ನಿಜವಾಗಿ ಬೇಕೋ ಅವರ ಕೈಗೆ ಬೀಗ ಎಟುಕುವುದಿಲ್ಲ. ಬೀಗ ಎಟುಕುವವರಿಗೆ ಬಾಗಿಲೇ ಬೇಕಿಲ್ಲ. ಕಾಯುವ ಹೊಣೆಯನ್ನು ಕೊನೆಯ ಮನುಷ್ಯನ ತಲೆಗೆ ಕಟ್ಟಿದಾಗ ಆಗುವುದು ಹೀಗೆ.

ಆಧಾರ್‌ನ ಜೆರಾಕ್ಸ್ ಪ್ರತಿಯ ಬಗ್ಗೆಯೂ ಒಂದು ಘಟನೆ ನೆನಪಿಸಿಕೊಳ್ಳಬೇಕು. 2022ರ ಮೇ 27ರಂದು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಪ್ರತಿಯನ್ನು ಸಿಕ್ಕಸಿಕ್ಕಲ್ಲಿ ಕೊಡಬೇಡಿ, ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿನ ಪ್ರತಿ ಕೊಡಿ ಎಂದು ಪ್ರಕಟಣೆ ಹೊರಡಿಸಿತು. ತಪ್ಪು ಅರ್ಥ ಬರಬಹುದು ಎಂಬ ಕಾರಣ ನೀಡಿ ಕೇಂದ್ರ ಸರ್ಕಾರ 29ರಂದು ಅದನ್ನು ವಾಪಸ್ ಪಡೆಯಿತು. ಆ ಬೆಂಗಳೂರು ಕಚೇರಿ ಹೇಳಿದ್ದು ಸರಿಯಾಗಿತ್ತು ಎಂದೇ ನಾನು ಇಂದಿಗೂ ನಂಬಿದ್ದೇನೆ. ಲಾಡ್ಜಿನ ಕೌಂಟರಿನಲ್ಲಿ, ಸಿಮ್ ಅಂಗಡಿಯಲ್ಲಿ, ಬಾಡಿಗೆ ಕರಾರಿನಲ್ಲಿ ನಾವು ಬಿಟ್ಟುಬಂದ ಪ್ರತಿಗಳಿಗೆ ಲೆಕ್ಕವಿಲ್ಲ. ಮುಸುಕಿನ ಪ್ರತಿ ಇಳಿಸಿಕೊಳ್ಳುವ ಸೌಲಭ್ಯ ಈಗಲೂ ಜಾಲತಾಣದಲ್ಲಿದೆ, ಬಳಸಿಕೊಳ್ಳಿ.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹಣ ಹೋದಮೇಲೆ ಬ್ಯಾಂಕಿಗೆ ಹೋದವರಿಗೆ ಎಷ್ಟೋ ಕಡೆ ಸಿಗುವ ಉತ್ತರ ‘ಬೆರಳು ತಾಳೆಯಾಗಿದೆ, ಹಾಗಾದರೆ ತೆಗೆದದ್ದು ನೀವೇ’ ಎಂಬುದು. ಇದಕ್ಕೆ ನಮ್ಮದೇ ನಾಡಿನ ಒಂದು ಹಳೆಯ ಮೊಕದ್ದಮೆ ಉತ್ತರ ಕೊಡುತ್ತದೆ. ಕೆನರಾ ಸೇಲ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯ ಖಾತೆ ಕೆನರಾ ಬ್ಯಾಂಕಿನಲ್ಲಿತ್ತು. ಸಂಸ್ಥೆಯ ಲೆಕ್ಕಿಗನೊಬ್ಬ ವ್ಯವಸ್ಥಾಪಕ ನಿರ್ದೇಶಕರ ಸಹಿ ನಕಲು ಮಾಡಿ 42 ಚೆಕ್ಕುಗಳಲ್ಲಿ 3 ಲಕ್ಷ 26 ಸಾವಿರಕ್ಕೂ ಹೆಚ್ಚು ರೂಪಾಯಿ ತೆಗೆದ. ಅದು ವರ್ಷಗಟ್ಟಲೆ ನಡೆದಿತ್ತು, ಪಾಸ್‌ಬುಕ್ ನೋಡಿಯೂ ಸಂಸ್ಥೆ ಸುಮ್ಮನಿತ್ತು ಎಂಬುದು ಬ್ಯಾಂಕಿನ ವಾದ. ಮೊಕದ್ದಮೆ ಸುಪ್ರೀಂ ಕೋರ್ಟ್ ತನಕ ಹೋಗಿ 1987ರಲ್ಲಿ ತೀರ್ಪು ಬಂತು. ಸಹಿ ನಕಲಿಯಾದರೆ ಹಣ ಕೊಡು ಎಂದು ಗ್ರಾಹಕ ಹೇಳಿದಂತಾಗುವುದೇ ಇಲ್ಲ, ಅಂಥ ಚೆಕ್ಕಿಗೆ ಬ್ಯಾಂಕು ಹಣ ಕೊಟ್ಟಿದ್ದರೆ ನಷ್ಟ ಬ್ಯಾಂಕಿನದೇ, ಪಾಸ್‌ಬುಕ್ ನೋಡಿ ತಪ್ಪು ಹಿಡಿಯಲಿಲ್ಲ ಎಂಬ ಒಂದೇ ಕಾರಣಕ್ಕೆ ಗ್ರಾಹಕನನ್ನು ಹೊಣೆ ಮಾಡುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು.

ನಕಲಿ ಸಹಿಗೆ ಒಪ್ಪಿಕೊಂಡ ಈ ನ್ಯಾಯ ನಕಲಿ ಹೆಬ್ಬೆಟ್ಟಿಗೂ ಸಲ್ಲಬೇಕು. ಚೆಕ್ಕು ಬರೆಯುವ ಕಂಪನಿಗೆ ಸಿಕ್ಕ ರಕ್ಷಣೆ ಬೆರಳೊತ್ತುವ ಕೂಲಿಯವಳಿಗೆ ಸಿಗದಿರಲು ಯಾವ ಕಾರಣವೂ ಇಲ್ಲ. ಬೆರಳನ್ನು ಬೀಗದ ಕೈ ಮಾಡಿದ್ದು ಅವಳಲ್ಲ. ಅದನ್ನು ಪತ್ರದಲ್ಲಿ ಅಚ್ಚು ಹಾಕಿ ಜಾಲತಾಣಕ್ಕೆ ಏರಿಸಿದ್ದೂ ಅವಳಲ್ಲ.

ಕೈಯಲ್ಲಿ ಹಿಡಿದು ವಾದಿಸಲು ಒಂದು ಕಾಗದವೂ ಇದೆ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ. ಗ್ರಾಹಕನ ತಪ್ಪಿಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ, ವ್ಯವಸ್ಥೆಯ ಇನ್ನೆಲ್ಲೋ ಆದ ಲೋಪದಿಂದ ವಿದ್ಯುನ್ಮಾನ ವ್ಯವಹಾರದಲ್ಲಿ ಹಣ ಹೋದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಹೊಣೆ ಸೊನ್ನೆ. ತಪ್ಪು ಗ್ರಾಹಕನದೆಂದು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲೆ. ದೂರು ಕೊಟ್ಟ ಹತ್ತು ಕೆಲಸದ ದಿನಗಳಲ್ಲಿ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಆ ಮೂರು ದಿನದ ಎಣಿಕೆ ಶುರುವಾಗುವುದು ಹಣ ಹೋದ ದಿನದಿಂದಲ್ಲ, ಆ ವ್ಯವಹಾರದ ಸಂದೇಶ ಬ್ಯಾಂಕಿನಿಂದ ಗ್ರಾಹಕನಿಗೆ ತಲುಪಿದಾಗಿನಿಂದ. ಹಳೆಯ ಮೊಬೈಲ್ ಸಂಖ್ಯೆ ಇರುವ, ಸಂಖ್ಯೆಯೇ ಇಲ್ಲದ ಖಾತೆಗಳಲ್ಲಿ ಕಳವು ಬೆಳಕಿಗೆ ಬರುವುದು ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ. ಅಂಥವರಿಗೆ ‘ಗಡುವು ಮೀರಿದೆ’ ಎಂದು ಹೇಳಿ ಕಳಿಸಿದರೆ ಈ ಸಾಲನ್ನು ತೋರಿಸಿ ಕೇಳಬೇಕು.

ಪಾಸ್‌ಬುಕ್‌ನಲ್ಲಿ ಎಇಪಿಎಸ್ ಎಂಬ ಅಕ್ಷರಗಳಿರುವ, ನೀವು ತೆಗೆಯದ ಹಣದ ಸಾಲು ಕಂಡರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಶಾಖೆಗೆ ಬರವಣಿಗೆಯಲ್ಲೇ ದೂರು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನ ದೂರಿಗೆ ಮುಂದೆ ಯಾವ ಬೆಲೆಯೂ ಇರುವುದಿಲ್ಲ. ಆ ವ್ಯವಹಾರ ಯಾವ ಊರಿನ ಯಾವ ಬಿಸಿ ಕೇಂದ್ರದಲ್ಲಿ ಆಯಿತು ಎಂಬ ವಿವರವನ್ನು ಅದೇ ಪತ್ರದಲ್ಲಿ ಕೇಳಿ, ಅಂದು ನೀವು ಎಲ್ಲಿದ್ದಿರಿ ಎಂಬುದನ್ನೂ ಬರೆಯಿರಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಹಳ್ಳಿಯಲ್ಲಿರುವ ಅಪ್ಪ ಅಮ್ಮನ ಪಾಸ್‌ಬುಕ್ಕನ್ನು ಊರಿಗೆ ಹೋದಾಗಲೆಲ್ಲ ಬ್ಯಾಂಕಿಗೆ ಒಯ್ದು ಎಂಟ್ರಿ ಹಾಕಿಸಿಕೊಂಡು ಬರುವುದು ಮಕ್ಕಳು ಮಾಡಬಹುದಾದ ಕೆಲಸ.

ಬ್ಯಾಂಕುಗಳು ಮಾಡಬೇಕಾದದ್ದು ಇದಕ್ಕಿಂತ ಸರಳ. ಖಾತೆಗೆ ಆಧಾರ್ ಜೋಡಿಸುವ ಅರ್ಜಿಯಲ್ಲಿ ಇನ್ನೊಂದು ಚೌಕ ಇರಲಿ: ಬೆರಳೊತ್ತಿ ನಗದು ತೆಗೆಯುವ ಸೌಲಭ್ಯ ಬೇಕೆ, ಬೇಕಾದರೆ ತಿಂಗಳಿಗೆ ಎಷ್ಟರವರೆಗೆ? ಗುರುತು ಹಾಕದವರ ಖಾತೆಯಲ್ಲಿ ಆ ಬಾಗಿಲು ಮುಚ್ಚಿಯೇ ಇರಲಿ. 2,000 ರೂಪಾಯಿ ಪಿಂಚಣಿ ತೆಗೆಯುವ ಅಜ್ಜಿ ತನಗೆ ಅಷ್ಟೇ ಸಾಕು ಎಂದು ಬರೆಸಲಿ. ಆಗ ಅವಳ ಬೆರಳಿನ ನಕಲು ಯಾರ ಕೈಗೆ ಸಿಕ್ಕಿದರೂ ಉಳಿದ ಹಣ ಅಲ್ಲೇ ಇರುತ್ತದೆ. ಎಟಿಎಂ ಕಾರ್ಡಿನ ಮಿತಿಯನ್ನು ನಾವೇ ಏರಿಸಿ ಇಳಿಸುವ, ವಿದೇಶಿ ವ್ಯವಹಾರವನ್ನು ನಾವೇ ನಿಲ್ಲಿಸುವ ಸೌಲಭ್ಯ ವರ್ಷಗಳಿಂದ ಇದೆ. ಅದೇ ಅಧಿಕಾರವನ್ನು ಹೆಬ್ಬೆಟ್ಟಿಗೆ ವಿಸ್ತರಿಸಲು ಹೊಸ ಕಾಯ್ದೆಯೂ ಬೇಕಿಲ್ಲ, ಹೊಸ ಯಂತ್ರವೂ ಬೇಕಿಲ್ಲ.